ಮ್ಯಾಂಡೊಲಿನ್‌ಗೆ ಹಚ್ಚಿದ ಕಪ್ಪು

“ಆಂಟಿ, ಇದಕ್ಕೆ ಕಪ್ಪು ಪೈಂಟ್ ಹೊಡೆದದ್ದು ಯಾರು ಮಾರ್ರೆ?”

ಹೀಗೆ ಕೇಳಿದವನು ಹಳೆಯ ತಂತಿವಾದ್ಯಗಳನ್ನು ರಿಪೇರಿ ಮಾಡುವ ಒಬ್ಬ ತರುಣ. ಮೊನ್ನೆ ತಂತಿ ಬದಲಿಸಲು ಅವನನ್ನು ಕರೆಸಿದ್ದೆ. ಅವನು ತಂತಿಯ ಮಾತೇ ಮರೆತು, ಮೊಬೈಲಿನ ಬೆಳಕನ್ನು ಮ್ಯಾಂಡೊಲಿನ್‌ನ ಒಳಗೆ ಬಿಟ್ಟು, ಹಲ್ಲಿನ ಡಾಕ್ಟರರ ಹಾಗೆ ಒಂದು ಸಣ್ಣ ಕನ್ನಡಿ ಹಿಡಿದು ಇಣುಕುತ್ತಾ ಕೂತ. ಇದು ಹಿಂದೆ ಮಹಾಯುದ್ಧದ ಕಾಲದಲ್ಲಿ ಪರದೇಶದ ಸೈನಿಕರಿಗೆಂದೇ ಮಾಡಿದ ಮಾದರಿಯಂತೆ. ಸೈನಿಕ ತನ್ನ ಚೀಲದ ಜೊತೆ ಕಟ್ಟಿಕೊಂಡು ಹೋಗಬೇಕಾದ್ದರಿಂದ ಇದಕ್ಕೆ ಉಬ್ಬಿದ ಹೊಟ್ಟೆಯಿಲ್ಲ, ಹಿಂದೆ ಮುಂದೆ ಎರಡೂ ಚಪ್ಪಟೆ. ಚಿಪ್ಪಿನ ಅಲಂಕಾರವಿಲ್ಲ, ಹೂಬಳ್ಳಿಯಿಲ್ಲ, ಹೊಳಪೂ ಇಲ್ಲ. ತೆಳ್ಳಗೆ ಒಂದು ಕಂದು ಬಣ್ಣ ಹಚ್ಚಿ ಕಳಿಸಿದ್ದಾರೆ, ಅಷ್ಟೆ. ಆ ಕಂದು ಬಣ್ಣ ಮೊದಲಿದ್ದ ಹಾಗೆಯೇ ಉಳಿದಿದ್ದರೆ ಮಾತ್ರ ಈಗಿನವರಿಗೆ ಇಂಥದ್ದರ ಮೇಲೆ ಮೋಹವಂತೆ. ನಮ್ಮದರಲ್ಲಿ ಅದು ಉಳಿದಿದೆ. ಆದರೆ ಅಂಚಿನ ಸಂದುಗಳಲ್ಲಿ, ತಂತಿ ಬಿಗಿಯುವ ಕಿವಿಗಳ ಬುಡದಲ್ಲಿ ಕಪ್ಪು ಪೈಂಟಿನ ಚೂರುಗಳು ಇನ್ನೂ ಕೂತಿವೆ. ಅವನ ತಲೆ ತಿಂದದ್ದು ಅದು.

“ಯಾರೋ ಫುಲ್ ಕಪ್ಪು ಹೊಡೆದು ಮತ್ತೆ ತೆಗ್ದಿದ್ದಾರೆ. ತಿನ್ನರ್ ಹಾಕಿದ್ರೆ ಕೆಳಗಿನ ಒರಿಜಿನಲ್ ಕೂಡ ಹೋಗ್ಬೇಕಿತ್ತು. ಮರಳು ಕಾಗದ ಉಜ್ಜಿದ್ರೆ ಗೀರು ಕಾಣ್ಬೇಕಿತ್ತು. ಎರಡೂ ಇಲ್ಲ. ಹೇಗೆ ತೆಗ್ದದ್ದು ಆಂಟಿ?”

“ಅದು ದೊಡ್ಡ ಕತೆ ಉಂಟು. ನೀನು ತಂತಿ ಹಾಕು.”

“ಉಳಿದ ಕಪ್ಪು ಕೂಡ ನಾನು ನೀಟ್ ಆಗಿ ಕ್ಲೀನ್ ಮಾಡಿ ಕೊಡ್ತೇನೆ.”

“ಅದಕ್ಕೆ ಕೈ ಹಾಕಿದ್ರೆ ನೋಡು!”

ಪಾಪ, ಬೆದರಿಹೋದ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಬೇರೆಯವರ ಮನೆಯಲ್ಲಿ ಗದ್ದೆ, ತೋಟ ಪಾಲಾಗುತ್ತವೆ. ನಮ್ಮ ಮನೆಯಲ್ಲಿ ಹಂಚಿಕೆಯಾದದ್ದು ಸಿಟ್ಟು ಮತ್ತು ಹಟ. ನನ್ನ ಪಾಲಿಗೆ ಒಂದು ಹಿಡಿ ಹೆಚ್ಚೇ ಬಂದಿದೆ. ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ಡಾಕ್ಟರುಗಳೂ ನನ್ನ ವಾರ್ಡಿಗೆ ಮೆತ್ತಗೆ ಕಾಲಿಡುತ್ತಿದ್ದರು. ಈ ಗುಣ ಎಲ್ಲಿಂದ ಬಂತೆಂದು ಹೇಳಬೇಕಾದರೆ ಕುಲಶೇಖರದ ನಮ್ಮ ಮನೆಯ ಸಾಲಿಗೆ, ಅಂದರೆ ಅಲ್ತಾರ್ ಎಂಬ ದೇವರ ಪೀಠವಿದ್ದ ದೊಡ್ಡ ಕೋಣೆಗೆ, ನಿಮ್ಮನ್ನು ಕರೆದುಕೊಂಡು ಹೋಗಬೇಕು. ನಮ್ಮ ಮನೆಮಾತು ಕೊಂಕಣಿ. ಕೊಂಕಣಿಯಲ್ಲಿ ನಾವು ಅಪ್ಪ ಅಮ್ಮನಿಗೂ ಏಕವಚನವನ್ನೇ ಬಳಸುತ್ತೇವೆ. ಆ ಸಲಿಗೆಯನ್ನು ಇಲ್ಲಿಯೂ ಬಿಡಲಾರೆ. ಅವರ ಮಾತನ್ನು ಮಾತ್ರ ಮಂಗಳೂರಿನ ಕನ್ನಡಕ್ಕೆ ತಂದಿದ್ದೇನೆ.

ಆ ಮನೆಯಲ್ಲಿ ಎಲ್ಲರಿಗಿಂತ ಮೇಲಿದ್ದವಳು ನನ್ನ ಅಪ್ಪನ ತಾಯಿ. ಮಕ್ಕಳು ಅವಳನ್ನು ಮಾಂಯ್ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವಳ ಗಂಡ, ನನ್ನ ಅಜ್ಜ, ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದವನು. ಅವನನ್ನು ಮಕ್ಕಳು ಪಾಯ್ ಎನ್ನುತ್ತಿದ್ದರು. ಮೂವರು ಮಕ್ಕಳಲ್ಲಿ ದೊಡ್ಡವನು ನನ್ನ ಪಪ್ಪ, ಆಮೇಲೆ ಪಾಸ್ಕು ಬಾಪ್ಪು, ಕೊನೆಯವಳು ಸಿಸಿಲ್ ಆಕಯ್. ಬಾಪ್ಪು ಅಂದರೆ ಚಿಕ್ಕಪ್ಪ, ಆಕಯ್ ಅಂದರೆ ಸೋದರತ್ತೆ. ಬಾಪ್ಪು ಸೈನ್ಯಕ್ಕೆ ಸೇರಿ ಉತ್ತರದ ಯಾವುದೋ ಕಂಟೋನ್ಮೆಂಟಿನಲ್ಲಿದ್ದ. ಅಲ್ಲಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಈ ಮ್ಯಾಂಡೊಲಿನ್ ಸಿಕ್ಕಿತಂತೆ. ಗುಂಡಗೆ ಚಪ್ಪಟೆಯಾಗಿದ್ದ ಅದಕ್ಕೆ ಮಾಂಯ್ ಇಟ್ಟ ಹೆಸರು ಕಾವಲಿ. “ನಿನ್ನ ಕಾವಲಿ ತಾ, ಎರಡು ದೋಸೆ ಹೊಯ್ಯುವ,” ಎಂದು ತಮಾಷೆ ಮಾಡುತ್ತಿದ್ದಳು. ಬಾಪ್ಪುವಿಗೆ ಒಂದು ಅಭ್ಯಾಸವಿತ್ತು. ರಜೆಯಲ್ಲಿ ಬರುವಾಗ ಮೊದಲೇ ತಿಳಿಸುತ್ತಿರಲಿಲ್ಲ. ಗೇಟಿನ ಹೊರಗೆ ಪೆಟ್ಟಿಗೆ ಇಳಿಸಿ, ಮ್ಯಾಂಡೊಲಿನ್ ತೆಗೆದು, ಮದುವೆ ಮನೆಯಲ್ಲಿ ಕುಣಿಯಲು ನುಡಿಸುವ ಒಂದು ದಾಟಿಯನ್ನು ಬಾರಿಸುತ್ತಾ ನಿಲ್ಲುತ್ತಿದ್ದ. ಮಾಂಯ್ ಸೌಟು ಹಿಡಿದುಕೊಂಡೇ ಓಡಿಬಂದು ಗೇಟು ತೆಗೆಯುತ್ತಿದ್ದಳು. ಅವಳು ತೆಗೆಯುವವರೆಗೂ ಅವನು ನಿಲ್ಲಿಸುತ್ತಿರಲಿಲ್ಲ.

ಅಜ್ಜ ಒಂದು ಮಧ್ಯಾಹ್ನ ಕಾರ್ಖಾನೆಯಿಂದ ಬಂದು, ಗಂಜಿ ಉಂಡು, ಬೆಂಚಿನ ಮೇಲೆ ಮಲಗಿದವನು ಏಳಲಿಲ್ಲ. ಪಪ್ಪ ಬಾಪ್ಪುವಿಗೆ ಟೆಲಿಗ್ರಾಮ್ ಕೊಟ್ಟ. ಮಾಂಯ್ ಮಗನಿಗಾಗಿ ಹೆಣವನ್ನು ಎಷ್ಟು ಹೊತ್ತು ಇಡಲು ಸಾಧ್ಯವೋ ಅಷ್ಟು ಹೊತ್ತು ಇಡಿಸಿದಳು. ಬಾಪ್ಪು ಬರಲಿಲ್ಲ. ಮಣ್ಣಾಯಿತು. ಮನೆಯ ಹೆಂಗಸರೆಲ್ಲ ಕಪ್ಪು ಸೀರೆ ಉಟ್ಟರು, ಪಪ್ಪ ಅಂಗಿಯ ತೋಳಿಗೆ ಕಪ್ಪು ಪಟ್ಟಿ ಕಟ್ಟಿದ. ನಮ್ಮಲ್ಲಿ ಆಗ ಸಾವಿನ ಮನೆ ಒಂದು ವರ್ಷ ಕಪ್ಪು ಬಿಡುತ್ತಿರಲಿಲ್ಲ. ಹಾಡು, ವಾದ್ಯ, ಜೋರು ನಗು ಯಾವುದೂ ಸಲ್ಲುತ್ತಿರಲಿಲ್ಲ. ಕೆಲವೇ ದಿನ ಕಳೆದಿತ್ತು. ಹಿತ್ತಲಲ್ಲಿ ನಾನು ಅಕ್ಕಿ ಆರಿಸುತ್ತಿದ್ದ ಮಮ್ಮಿಯ ಪಕ್ಕ ಕೂತಿದ್ದೆ. ಗೇಟಿನ ಹೊರಗೆ ಕುಣಿತದ ದಾಟಿ ಕೇಳಿಸಿತು. ಮಮ್ಮಿಯ ಕೈಯಿಂದ ಗೆರಸೆ ಬಿತ್ತು. ನಾವು ಮುಂದಿನ ಬಾಗಿಲಿಗೆ ಓಡುವಷ್ಟರಲ್ಲಿ ಮಾಂಯ್ ಗೇಟಿನ ಬಳಿ ಇದ್ದಳು. ಆಚೆಗೆ ಬಾಪ್ಪು ಕೆಂಪು ಶರ್ಟು ಹಾಕಿ, ಬಾಯಿತುಂಬ ನಗುತ್ತಾ, ತಂತಿಯ ಮೇಲೆ ಕೈ ಓಡಿಸುತ್ತಿದ್ದ. ಅವಳ ಕಪ್ಪು ಸೀರೆ ನೋಡಿ ಅವನ ಕೈ ನಿಂತಿತು. ಅಕ್ಕಪಕ್ಕದ ಮನೆಯವರೆಲ್ಲ ಬೇಲಿಗೆ ಬಂದಾಗಿತ್ತು. ಮಾಂಯ್ ಕೂಗಿದಳು:

“ಟೆಲಿಗ್ರಾಮ್ ಸಿಕ್ಕಿಯೂ ಬರ್ಲಿಲ್ಲ. ಈಗ ಬಂದದ್ದು ಕುಣಿಲಿಕ್ಕಾ? ಅಪ್ಪನನ್ನು ಮಣ್ಣು ಮಾಡಿದ ಮನೆಗೆ ಬ್ಯಾಂಡ್ ಬಾರಿಸ್ಕೊಂಡು ಬಂದಿದ್ದೀಯಾ? ಅದನ್ನು ಇಲ್ಲಿ ಇಟ್ಟು ಹೋಗು. ನಿನ್ನ ಮುಖ ತೋರ್ಸಬೇಡ.”

ಬಾಪ್ಪುವಿನ ಬಾಯಿ ತೆರೆದದ್ದು ನನಗೆ ನೆನಪಿದೆ. ಆಮೇಲೆ ಅವನ ಮುಖ ಗಟ್ಟಿಯಾಯಿತು. ಅದು ಮಾಂಯ್‌ಳದ್ದೇ ಮುಖ. ಮ್ಯಾಂಡೊಲಿನ್ ಅನ್ನು ಗೇಟಿನ ಕಂಬಕ್ಕೆ ಒರಗಿಸಿ, ಪೆಟ್ಟಿಗೆ ಎತ್ತಿಕೊಂಡು, ಬಂದ ದಾರಿಯಲ್ಲೇ ಇಳಿದುಹೋದ. ಪಪ್ಪ ಕೆಲಸ ಮುಗಿಸಿ ಬರುವಾಗ ಎಲ್ಲ ಮುಗಿದಿತ್ತು. ಮರುವಾರ ಮಾಂಯ್ ಕಿಟಕಿಯ ಸರಳಿಗೆ ಹೊಡೆಯುವ ಕಪ್ಪು ಪೈಂಟಿನ ಡಬ್ಬಿ ತರಿಸಿ, ಹಿತ್ತಲ ಚಾವಡಿಯ ಬಾಗಿಲು ಹಾಕಿಕೊಂಡು, ಮ್ಯಾಂಡೊಲಿನ್‌ಗೆ ತಾನೇ ಪೈಂಟ್ ಹೊಡೆದಳು. ಒಳಗೆ ಯಾರನ್ನೂ ಬಿಡಲಿಲ್ಲ. ಹಿಂದೆ ಮುಂದೆ, ಕತ್ತು, ಕಿವಿ ಎಲ್ಲ ಕಪ್ಪು. ಆಮೇಲೆ ಅದನ್ನು ತಂದು ಸಾಲಿನಲ್ಲಿ, ಅಲ್ತಾರಿನ ಪಕ್ಕದ ಮೊಳೆಗೆ ನೇತುಹಾಕಿದಳು. ಬಂದವರಿಗೆಲ್ಲ ಮೊದಲು ಕಾಣುವುದು ಅದೇ.

“ಅಪ್ಪ ಸತ್ತದ್ದಕ್ಕೆ ಅವನು ಕಪ್ಪು ಹಾಕ್ಲಿಲ್ಲ. ಅವನ ಕಾವಲಿಯಾದ್ರೂ ಹಾಕ್ಲಿ,” ಎಂದಳು.

ವರ್ಷದ ಪೂಜೆ ಆದ ದಿನ ಮಮ್ಮಿ, ಆಕಯ್ ಇಬ್ಬರೂ ಕಪ್ಪು ಬಿಟ್ಟು ಬಣ್ಣದ ಸೀರೆ ಉಟ್ಟರು. ಪಪ್ಪ ಪಟ್ಟಿ ಬಿಚ್ಚಿದ. ವಿಧವೆಯಾದ ಮಾಂಯ್ ಮತ್ತು ಮ್ಯಾಂಡೊಲಿನ್ ಮಾತ್ರ ಕಪ್ಪಿನಲ್ಲೇ ಉಳಿದವು. ನಾನು ಬೆಳೆದದ್ದು ಅದರ ಕೆಳಗೆ. ದಿನವೂ ಸಂಜೆ ದೀಪ ಹಚ್ಚಿ ಎಲ್ಲರೂ ಮೊಣಕಾಲೂರಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುತ್ತಿದ್ದೆವು. ಕೊನೆಯಲ್ಲಿ ಮಾಂಯ್ ಒಬ್ಬೊಬ್ಬರ ಹೆಸರು ಎತ್ತಿ ಪ್ರಾರ್ಥಿಸುತ್ತಿದ್ದಳು. ಮೊದಲು ಬದುಕಿರುವವರು, ಆಮೇಲೆ ಸತ್ತವರು. ಪಾಸ್ಕು ಎಂಬ ಹೆಸರು ಎರಡರಲ್ಲೂ ಇರಲಿಲ್ಲ. ಬದುಕಿದವರ ಸಾಲು ಮುಗಿಯುತ್ತಾ ಬಂದ ಹಾಗೆ ಆಕಯ್‌ಳ ಉಸಿರು ಬಿಗಿಯಾಗುವುದು ನನಗೆ ಪಕ್ಕದಲ್ಲೇ ಕೇಳಿಸುತ್ತಿತ್ತು. ಮಾಂಯ್ ಒಂದು ಕ್ಷಣ ನಿಲ್ಲುತ್ತಿದ್ದಳು. ಆಮೇಲೆ ಸತ್ತವರಿಗೆ ದಾಟುತ್ತಿದ್ದಳು. ಅದಾದ ಮೇಲೆ ಊಟಕ್ಕೆ ಕೂತರೆ ಬಂಗುಡೆ ಸಾರು ಎಷ್ಟು ರುಚಿಯಾಗಿದ್ದರೂ ಯಾರ ಬಾಯಿಂದಲೂ ಒಂದು ಮಾತು ಬರುತ್ತಿರಲಿಲ್ಲ. ಆಕಯ್ ಬಟ್ಟಲು ಕುಕ್ಕಿ ಏಳುತ್ತಿದ್ದಳು. ಮಮ್ಮಿ ಪಪ್ಪನನ್ನು ನೋಡುತ್ತಿದ್ದಳು, ಪಪ್ಪ ಮೀನಿನ ಮುಳ್ಳನ್ನು ನೋಡುತ್ತಿದ್ದ. ಎರಡು ದೋಣಿಯ ಮೇಲೆ ಕಾಲಿಟ್ಟವನು ಅವನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವನು. ಅವನ ಮೇಲೆ ನನಗೆ ಆಗ ಬರುತ್ತಿದ್ದಷ್ಟು ಸಿಟ್ಟು ಮಾಂಯ್ ಮೇಲೂ ಬರುತ್ತಿರಲಿಲ್ಲ.

ಮ್ಯಾಂಡೊಲಿನ್ ಮುಟ್ಟಬಾರದು ಎಂಬುದು ಮನೆಯ ಕಾನೂನು. ಒರೆಸಲೂ ಬಾರದು. ಮಳೆಗಾಲದಲ್ಲಿ ಆ ಪೈಂಟು ಅಂಟಂಟಾಗಿ, ಧೂಳು, ಇರುವೆ, ಸೊಳ್ಳೆ ಎಲ್ಲ ಅದಕ್ಕೆ ಹಿಡಿದುಕೊಳ್ಳುತ್ತಿದ್ದವು. ಮಳೆಯ ಥಂಡಿಗೆ ಹೊಡೆದ ಪೈಂಟು ಒಣಗಲೇ ಇಲ್ಲ ಎಂದು ಮಮ್ಮಿ ಹೇಳುತ್ತಿದ್ದಳು. ನನಗೆ ಆ ಕಪ್ಪು ವಸ್ತುವನ್ನು ಕಂಡರೆ ಹೆದರಿಕೆ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ, ಗಾಜಿನ ಲೋಟ ಒಡೆದರೆ, ನಾಳೆ ನನ್ನ ಯಾವುದಾದರೂ ವಸ್ತು ಅದರ ಪಕ್ಕದಲ್ಲಿ ಕಪ್ಪಾಗಿ ನೇತಾಡಬಹುದು ಎಂದುಕೊಳ್ಳುತ್ತಿದ್ದೆ. ಒಂದು ತಪ್ಪಿಗೆ ಮನುಷ್ಯನನ್ನು ಮನೆಯಿಂದ ಅಳಿಸಿಬಿಡಬಹುದು ಎಂಬುದನ್ನು ನಾನು ಕಲಿತದ್ದು ಆ ಗೋಡೆಯಿಂದ. ಆದ್ದರಿಂದ ತಪ್ಪು ಮಾಡದ ಹುಡುಗಿಯಾದೆ, ಜೊತೆಗೆ ಯಾರ ತಪ್ಪನ್ನೂ ಬಿಟ್ಟುಕೊಡದ ಹುಡುಗಿಯೂ ಆದೆ. ಇದರಲ್ಲಿ ಎರಡನೆಯದು ಇನ್ನೂ ಪೂರ್ತಿ ಹೋಗಿಲ್ಲ.

ಸಿಸಿಲ್ ಆಕಯ್ ಟೀಚರಾದಳು. ಅವಳ ಮದುವೆ ಗೊತ್ತಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ಶಾಲೆಗೆ ಹೋಗಲು ಅವಳು ನಂತೂರಿನಲ್ಲಿ ಬಸ್ಸು ಹಿಡಿಯಬೇಕಿತ್ತು. ಅಲ್ಲಿ ಉಳ್ಳಾಲದ ಹಸನಬ್ಬನ ಅಂಗಡಿ. ಹಗ್ಗ, ಬಲೆ, ಗೋಣಿಚೀಲ ಮಾರುತ್ತಿದ್ದ. ಅವನು ಬಾಪ್ಪುವಿನ ಬಾಲ್ಯದ ಗೆಳೆಯ. ಊರಿಗೆ ಕಾಲಿಡದ ಬಾಪ್ಪು ಎಲ್ಲಿದ್ದಾನೆ, ಹೇಗಿದ್ದಾನೆ ಎಂಬುದು ಇಡೀ ಮಂಗಳೂರಿನಲ್ಲಿ ಅವನೊಬ್ಬನಿಗೇ ಗೊತ್ತು. ಆಕಯ್ ಅವನ ಮೂಲಕ ಅಣ್ಣನಿಗೆ ಹೇಳಿಕಳಿಸಿದಳು: ನನ್ನ ರೋಸ್ ದಿನ ನೀನು ಬರಬೇಕು. ಅವನ ಉತ್ತರ ಬಂತು: ಬರುತ್ತೇನೆ, ನಂತೂರಿನವರೆಗೆ, ಅಲ್ಲಿಂದ ಮುಂದೆ ಮಾಂಯ್ ಕರೆದರೆ ಮಾತ್ರ. ಮದುವೆಯ ಹಿಂದಿನ ದಿನ ವಧುವಿಗೆ ಎಣ್ಣೆ, ತೆಂಗಿನಹಾಲು ಹಚ್ಚಿ ಮೀಯಿಸುವುದೇ ರೋಸ್. ಅದಾಗದೆ ನಮ್ಮ ಹಿರಿಯರು ಹುಡುಗಿಯನ್ನು ಇಗರ್ಜಿಯ, ಅಂದರೆ ಚರ್ಚಿನ, ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮೊದಲ ಹಾಲು ತಾಯಿಯ ಕೈಯದ್ದು. ವಿಧವೆ ಕೈ ಹಾಕುವುದು ಸರಿಯಾ ಎಂದು ಒಬ್ಬಿಬ್ಬರು ಗೊಣಗಿದಾಗ ಅವರ ಬಾಯಿ ಮುಚ್ಚಿಸಿದವಳು ಆಕಯ್‌ಯೇ. ಅಂಥವಳು ಆ ದಿನ ಮಧ್ಯಾಹ್ನ, ಚಪ್ಪರದ ತುಂಬ ನೆಂಟರು ಕೂತಿರುವಾಗ, ಕೋಣೆಯ ಬಾಗಿಲಲ್ಲಿ ನಿಂತು ಹೇಳಿದಳು, ಪಾಸ್ಕು ಬರದೆ ನಾನು ಕೂರುವುದಿಲ್ಲ ಎಂದು.

ಮೇ ತಿಂಗಳ ಸೆಕೆ. ಬೆಳಿಗ್ಗೆ ಹಿಂಡಿದ ತೆಂಗಿನಹಾಲು ದೊಡ್ಡ ಪಾತ್ರೆಯಲ್ಲಿ, ಬಾಳೆಲೆ ಮುಚ್ಚಿಕೊಂಡು ಕೂತಿತ್ತು. ಮಮ್ಮಿ ಘಳಿಗೆಗೊಮ್ಮೆ ಎಲೆ ಎತ್ತಿ ಮೂಸುತ್ತಿದ್ದಳು. ಹಾಡುವ ಹೆಂಗಸರು ಗಂಟಲು ಸರಿಮಾಡಿಕೊಂಡು ಕಾದರು, ಪ್ರಾರ್ಥನೆ ಶುರುಮಾಡಬೇಕಾದ ಹಿರಿಯರು ಎರಡು ಸಲ ಒಳಗೆ ಇಣುಕಿದರು. ಒಲೆಯ ಮೇಲೆ ತೊಂಡೆಕಾಯಿ ಗೇರುಬೀಜ ತಳ ಹಿಡಿಯುವ ವಾಸನೆ ಬಂದರೂ ಯಾರೂ ಅತ್ತ ಹೋಗಲಿಲ್ಲ. ಹುಡುಗನ ಕಡೆಯ ಇಬ್ಬರು ಹೆಂಗಸರೂ ಬಂದಿದ್ದರು. ಅವರಿಗೆ ಗೊತ್ತಾದರೆ ನಾಳೆಯ ಮದುವೆಯ ಗತಿ ಏನೆಂದು ಪಪ್ಪ ಬೆವರುತ್ತಿದ್ದ. ಮಾಂಯ್ ಮಾತ್ರ ಅಲ್ತಾರಿನ ಕೆಳಗೆ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದಳು. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಇಬ್ಬರು ಒಂದೇ ಮನೆಯಲ್ಲಿದ್ದರೆ ಉಳಿದವರ ಪಾಡು ದೇವರೇ ಬಲ್ಲ. ಕೊನೆಗೆ ಆಕಯ್ ರೋಸ್‌ಗೆಂದು ಉಟ್ಟ ಹಳೆಯ ಸೀರೆಯಲ್ಲೇ ಸಾಲಿಗೆ ಬಂದಳು. ಕುರ್ಚಿ ಎಳೆದು ಹತ್ತಿ, ಮೊಳೆಯಿಂದ ಮ್ಯಾಂಡೊಲಿನ್ ಇಳಿಸಿ, ನೆಲದ ಮೇಲೆ ಕೂತು ಅದನ್ನು ಮಡಿಲಿಗೆ ಹಾಕಿಕೊಂಡಳು.

“ಅದನ್ನು ಅಲ್ಲೇ ಇಡು, ಸಿಸಿಲ್,” ಎಂದಳು ಮಾಂಯ್.

“ಇಡುದಿಲ್ಲ.”

“ಹೊರಗೆ ಜನ ಉಂಟು.”

“ಇರ್ಲಿ, ನೋಡ್ಲಿ. ಇದನ್ನು ಇಲ್ಲಿ ನೇತು ಹಾಕಿದ್ದು ಜನ ನೋಡ್ಲಿ ಅಂತಲೇ ಅಲ್ವಾ? ಪಾಸ್ಕು ನಂತೂರಲ್ಲಿ ಕೂತಿದ್ದಾನೆ. ಬೆಳಿಗ್ಗೆಯಿಂದ ಹಸನಬ್ಬನ ಅಂಗಡಿಯಲ್ಲಿ. ನೀನು ಕರೆದ್ರೆ ಬರ್ತಾನೆ.”

ಮಾಂಯ್‌ಳ ಕೈ ಸೆರಗನ್ನು ಹಿಡಿದುಕೊಂಡಿತು. ಅವನು ಇಷ್ಟು ಹತ್ತಿರ ಇದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ.

“ಬರ್ಲಿಕ್ಕೆ ಅವನಿಗೆ ಕಾಲಿಲ್ವಾ?”

“ಕರಿಲಿಕ್ಕೆ ನಿನಗೆ ಬಾಯಿಲ್ವಾ?”

ಆಕಯ್ ಅಡುಗೆಮನೆಯಿಂದ ಮೀನು ಕೊಯ್ಯುವ ಕತ್ತಿಯನ್ನು ತಂದಿದ್ದಳು. ಸೆರಗಿನ ಮರೆಯಲ್ಲಿದ್ದದ್ದು ಈಗ ಕಾಣಿಸಿತು. ಅದರ ಅಲಗನ್ನು ಮ್ಯಾಂಡೊಲಿನ್‌ನ ಎದೆಗೆ ಇಟ್ಟಳು. “ಈ ಕಪ್ಪನ್ನು ಇವತ್ತು ಕೆರೆದು ತೆಗಿತೇನೆ. ಮರ ಹೋದ್ರೆ ಹೋಗ್ಲಿ. ಆಮೇಲೆ ನನ್ನ ಮದುವೆ ಬೇಕಾ ಬೇಡವಾ ನೀನೇ ಹೇಳು,” ಎಂದು ಕೈ ಬಿಗಿ ಮಾಡಿದಳು.

“ಕತ್ತಿ ಬೇಡ!” ಮಾಂಯ್ ಬೆಂಚಿನಿಂದ ಎದ್ದೇಬಿಟ್ಟಳು. “ಕತ್ತಿ ಹಾಕ್ಬೇಡ, ಮರಕ್ಕೆ ತಾಗ್ತದೆ. ಉಗುರು ಸಾಕು.”

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೆ ಏನು ಹೇಳಿದೆನೆಂದು ಗೊತ್ತಾಯಿತು. ಮತ್ತೆ ಕೂತುಬಿಟ್ಟಳು. ಪಪ್ಪ, ಮಮ್ಮಿ, ನಾನು ಒಬ್ಬರ ಮುಖ ಒಬ್ಬರು ನೋಡಿದೆವು. ಆಕಯ್ ಕತ್ತಿಯನ್ನು ಪಕ್ಕಕ್ಕಿಟ್ಟು, ಅಂಚಿನಲ್ಲಿ ಹೆಬ್ಬೆರಳಿನ ಉಗುರು ಹಾಕಿ ಎತ್ತಿದಳು. ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ ಕಪ್ಪು ಒಂದು ಪಟ್ಟಿಯಾಗಿ ಎದ್ದು ಬಂತು. ಅದರ ಕೆಳಗೆ ಕಂದು ಬಣ್ಣ, ಗೀರಿಲ್ಲದೆ, ಕಲೆಯಿಲ್ಲದೆ, ಬಾಪ್ಪು ಗೇಟಿಗೆ ಒರಗಿಸಿ ಹೋದ ದಿನ ಇದ್ದ ಹಾಗೆಯೇ ಇತ್ತು. ಕನರಿದ ತೆಂಗಿನೆಣ್ಣೆಯ ವಾಸನೆ ಕೋಣೆಯಲ್ಲಿ ಹರಡಿತು. ಆಕಯ್ ಬೆರಳು ಮೂಸಿ ನೋಡಿದಳು.

“ಮಾಂಯ್, ಪೈಂಟಿಗಿಂತ ಮೊದಲು ಎಣ್ಣೆ ಹಚ್ಚಿದ್ಯಾ ಇದಕ್ಕೆ?”

“ಎಣ್ಣೆ ಹಚ್ಚದೆ ಹಲಸಿಗೆ ಕೈ ಹಾಕ್ತಾರಾ ಯಾರಾದ್ರೂ?”

ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡರೆ ಅದರ ಮೇಣ ಕಚ್ಚುವುದಿಲ್ಲ. ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತಿರುವ ಸಂಗತಿ. ಅಂದು ಹಿತ್ತಲ ಚಾವಡಿಯ ಬಾಗಿಲು ಹಾಕಿಕೊಂಡು ಅವಳು ಮೊದಲು ಮಾಡಿದ್ದು ಅದನ್ನೇ. ಪೈಂಟು ಮರವನ್ನು ಕಚ್ಚದ ಹಾಗೆ ಇಂಚಿಂಚಿಗೂ ಎಣ್ಣೆ ತಿಕ್ಕಿ, ಅದರ ಮೇಲೆ ಕಪ್ಪು ಬಳಿದಿದ್ದಳು. ಇಷ್ಟೂ ವರ್ಷ ನಾವು ಹೆದರಿ ಬಾಗಿದ ಆ ಕಪ್ಪು ಒಂದು ದಿನವೂ ಗಟ್ಟಿಯಾಗಿ ಕೂತಿರಲೇ ಇಲ್ಲ. ನನಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು, ಮಮ್ಮಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

“ಅವನಿಗೆ ಟೆಲಿಗ್ರಾಮ್ ಸಿಕ್ಕಿರ್ಲಿಲ್ಲ, ಮಾಂಯ್. ಅದು ಅಲ್ಲಿಗೆ ಮುಟ್ಟುವಾಗ ಅವನು ರೈಲಲ್ಲಿದ್ದ. ಹಸನಬ್ಬ ನನಗೆ ಹೇಳಿದ್ದಾನೆ,” ಎಂದಳು ಆಕಯ್. ಅವಳ ದನಿಯ ಕಾವು ಇಳಿದಿತ್ತು.

“ಗೊತ್ತುಂಟು.”

“ಗೊತ್ತುಂಟಾ? ಯಾವಾಗಿಂದ?”

“ಮರುದಿನದಿಂದ. ಕೆಂಪು ಶರ್ಟು ಹಾಕಿದ್ದ ಅವನು. ಅಪ್ಪ ಸತ್ತದ್ದು ಗೊತ್ತಿದ್ದವನು ಕೆಂಪು ಶರ್ಟು ಹಾಕ್ಕೊಂಡು ಬರ್ತಾನಾ? ಬೆಳಿಗ್ಗೆ ಎದ್ದು ಒಲೆ ಹಚ್ಚುವಾಗ ಅದು ತಲೆಗೆ ಹೋಯ್ತು ನನಗೆ. ಅಷ್ಟೊತ್ತಿಗೆ ಅವನು ಹೋಗಿ ಆಗಿತ್ತು.”

“ಮತ್ತೆ ಈ ಕಪ್ಪು ಎಂತಕ್ಕೆ?”

“ಇಡೀ ಕುಲಶೇಖರಕ್ಕೆ ಕೇಳುವ ಹಾಗೆ ಬೈದು ಓಡ್ಸಿದ್ದು ನಾನು. ನನ್ನ ಮಗನ ತಪ್ಪಿಲ್ಲ, ತಪ್ಪು ನಂದು ಅಂತ ಬೇಲಿ ಬೇಲಿಗೆ ಹೋಗಿ ಹೇಳ್ಲಿಕ್ಕೆ ನಾಲಿಗೆ ಬರ್ಲಿಲ್ಲ. ಕಪ್ಪು ಊರಿಗೆ ಹಚ್ಚಿದ್ದು. ಎಣ್ಣೆ ಅವನಿಗೆ.” ಅವಳು ಯಾರನ್ನೂ ನೋಡಲಿಲ್ಲ. “ನನ್ನ ಕಾವಲಿ ಕೊಡು ಅಂತ ಒಂದು ಸಲ ಬಂದು ಕೇಳಿದ್ರೆ ಸಾಕಿತ್ತು. ಅವನೆದುರೇ ಕಿತ್ತು ತೆಗಿತಿದ್ದೆ. ಕೇಳ್ಲೇ ಇಲ್ಲ ಹಟಮಾರಿ.”

ಮಮ್ಮಿ ಮತ್ತೆ ಎಲೆ ಎತ್ತಿ ಮೂಸಿ, ಹಾಲು ಇನ್ನು ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂದಳು. ಪಪ್ಪ ತಾನು ಸೈಕಲ್ಲಿನಲ್ಲಿ ಹೋಗಿ ಕರೆದುಕೊಂಡು ಬರುತ್ತೇನೆ ಎಂದ. “ನೀನು ಕರೆದ್ರೆ ಅವನು ಬರುದಿಲ್ಲ,” ಎಂದಳು ಆಕಯ್. ಆಮೇಲೆ ಮಾಂಯ್ ಎದ್ದು, ಮಗಳ ಮಡಿಲಿಂದ ಮ್ಯಾಂಡೊಲಿನ್ ಎತ್ತಿಕೊಂಡು, “ಲೀನಾ, ಕೊಡೆ ತೆಗೆ,” ಎಂದು ನನ್ನನ್ನು ಕರೆದಳು. ಚಪ್ಪರದ ನಡುವೆ, ಅಷ್ಟೂ ನೆಂಟರ ಕಣ್ಣೆದುರು, ಕಪ್ಪು ಸೀರೆಯ ಆ ಹೆಂಗಸು ಸಿಪ್ಪೆ ಕಿತ್ತುಬರುತ್ತಿದ್ದ ಮ್ಯಾಂಡೊಲಿನ್ ಹಿಡಿದುಕೊಂಡು ಗೇಟು ದಾಟಿದಳು. ನಾನು ಹಿಂದಿನಿಂದ ಕೊಡೆ ಬಿಚ್ಚಿ ಓಡಿದೆ. ದಾರಿಯುದ್ದಕ್ಕೂ ಅವಳು ಉಗುರಿನಲ್ಲಿ ಕಪ್ಪನ್ನು ಕಿತ್ತು ಕಿತ್ತು ರಸ್ತೆಗೆ ಹಾಕುತ್ತಿದ್ದಳು. ಎದುರು ಸಿಕ್ಕವರು ಎಂತ ಬಾಯಮ್ಮ, ಎಲ್ಲಿಗೆ ಎಂದು ಕೇಳಿದರೂ ಅವಳ ಹೆಜ್ಜೆ ನಿಧಾನವಾಗಲಿಲ್ಲ.

ಈಗಿನ ನಂತೂರಿನಲ್ಲಿ ಲಾರಿ ಬಸ್ಸುಗಳ ನಡುವೆ ರಸ್ತೆ ದಾಟಬೇಕಾದರೆ ಜಪಸರ ಹಿಡಿದುಕೊಳ್ಳಬೇಕು. ಆಗ ಅಷ್ಟಿರಲಿಲ್ಲ, ಆದರೂ ನಾವು ಒಂದು ಲಾರಿಗಾಗಿ ನಿಂತೆವು, ಅದು ಹೋದ ಮೇಲೆ ಆಚೆ ಬದಿಯ ಅಂಗಡಿಯ ಬೆಂಚಿನಲ್ಲಿ ಬಾಪ್ಪು ಕಂಡ. ತಲೆ ಅರ್ಧ ನರೆತಿತ್ತು. ಮೈ ಇಳಿದಿತ್ತು. ಮಾಂಯ್ ನನ್ನ ಭುಜ ಹಿಡಿದುಕೊಂಡು ರಸ್ತೆ ದಾಟಿದಳು. ಹಸನಬ್ಬ ಗಡಬಡಿಸಿ ಸ್ಟೂಲು ಒರೆಸಿದ.

“ಬನ್ನಿ ಬಾಯಮ್ಮ, ಕೂತ್ಕೊಳ್ಳಿ. ಬೆಳಿಗ್ಗೆಯಿಂದ ಒಂದು ಚಾ ಕುಡ್ದದ್ದು ಅಷ್ಟೆ ಇವ. ನಾನು ಹೇಳಿ ಹೇಳಿ ಸಾಕಾಯ್ತು ಮಾರ್ರೆ.”

ಮಾಂಯ್ ಕೂರಲಿಲ್ಲ. ಬಾಪ್ಪು ಎದ್ದು ನಿಂತಿದ್ದ. ಇಬ್ಬರ ನಡುವೆ ಒಂದು ಹಗ್ಗದ ಸುರುಳಿ ಬಿದ್ದಿತ್ತು, ಇಬ್ಬರೂ ಅದನ್ನು ದಾಟಲಿಲ್ಲ.

“ರೋಸ್‌ನ ಹಾಲು ಹುಳಿಯಾಗ್ತದೆ. ನಡಿ,” ಎಂದಳು.

“ಯಾರು ಕರೆದದ್ದು?”

“ಹಾಲು ಹುಳಿಯಾಗ್ತದೆ ಅಂದೆ.”

“ಅದು ಕೇಳಿತು. ಕರೆದದ್ದು ಯಾರು ಅಂತ ನಾನು ಕೇಳಿದ್ದು.”

ಮಾಂಯ್ ಮ್ಯಾಂಡೊಲಿನ್ ಅನ್ನು ಮುಂದಕ್ಕೆ ಚಾಚಿದಳು. ಅರ್ಧ ಕಂದು, ಅರ್ಧ ಕಪ್ಪು. ಬಾಪ್ಪು ಅದನ್ನು ನೋಡಿದ, ಅವಳ ಉಗುರುಗಳನ್ನೂ ನೋಡಿದ, ಆದರೆ ಕೈ ಚಾಚಲಿಲ್ಲ. ಈ ಮನುಷ್ಯ ಈಗ ತೆಗೆದುಕೊಳ್ಳದಿದ್ದರೆ ಇನ್ನು ಯಾವತ್ತೂ ಇಲ್ಲ ಎಂದು ನನಗೆ ಗೊತ್ತಿತ್ತು. ಅಲ್ಲಿ ಆಕಯ್ ಕಾಯುತ್ತಿದ್ದಳು. ಬಾಯಿಬಿಡು ಮಾಂಯ್, ಒಂದು ಮಾತು ಹೇಳು ಎಂದು ನಾನು ಒಳಗೊಳಗೇ ಕೂಗುತ್ತಿದ್ದೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳು ಕೊನೆಗೆ ನುಂಗಿದಳು.

“ನಾನು. ಕರೆದದ್ದು ನಾನು. ಅವತ್ತು ಓಡ್ಸಿದ್ದೂ ನಾನೇ. ನಿನ್ನ ತಪ್ಪು ಇರ್ಲಿಲ್ಲ, ಅದು ನನಗೆ ಗೊತ್ತಿತ್ತು. ಇನ್ನೆಂತ ಹೇಳ್ಬೇಕು, ನೀನು ಹೇಳು, ಅದನ್ನೂ ಹೇಳ್ತೇನೆ.”

ಬಾಪ್ಪು ಹಗ್ಗದ ಸುರುಳಿಯನ್ನು ದಾಟಿದ. ಮ್ಯಾಂಡೊಲಿನ್ ಅನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಮನೆಯ ದಾರಿ ಹಿಡಿದ, ನಾವೂ ನಡೆದೆವು. ಹಿಂದೆ ಹಸನಬ್ಬ ಜೋರಾಗಿ ಮೂಗು ಒರೆಸಿಕೊಳ್ಳುವುದು ಕೇಳಿಸಿತು. ಮಾಂಯ್ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು, ಹಾಲಿನ ಚಿಂತೆ ಅವಳಿಗೆ ನಿಜವಾಗಿಯೂ ಇತ್ತು. ಇಗರ್ಜಿಯ ದಾರಿ ಕವಲೊಡೆಯುವಲ್ಲಿ ಬಾಪ್ಪು ನಿಂತ.

“ಪಾಯ್‌ನನ್ನು ಎಲ್ಲಿ ಇಟ್ಟದ್ದು?”

ಮಾಂಯ್ ತಿರುಗಿ ಅವನ ಮುಖ ನೋಡಿದಳು. ಅವಳಿಗೆ ಅದು ಹೊಳೆದೇ ಇರಲಿಲ್ಲ. ನನಗೂ ಹೊಳೆದಿರಲಿಲ್ಲ. ಪ್ರತಿ ವರ್ಷ ಸತ್ತವರ ಹಬ್ಬಕ್ಕೆ ನಾನು ಆ ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚುತ್ತಿದ್ದೆ. ಅದು ಎಲ್ಲಿದೆ ಎಂದೇ ಗೊತ್ತಿಲ್ಲದ ಮಗ ಒಬ್ಬನಿದ್ದಾನೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅವನು ಅಪ್ಪನಿಗೆ ಮಣ್ಣು ಹಾಕಿರಲಿಲ್ಲ. ತಡವಾಗಿಯಾದರೂ ಹಾಕಬಹುದಾಗಿದ್ದವನನ್ನು ನಾವು ಗೇಟಿನಿಂದಲೇ ತಿರುಗಿಸಿದ್ದೆವು. ಮಾಂಯ್ ಅವನ ಮೊಣಕೈ ಹಿಡಿದು ಇಗರ್ಜಿಯ ಹಿಂದಿನ ಸ್ಮಶಾನಕ್ಕೆ ಕರೆದುಕೊಂಡು ಹೋದಳು. ಗೋಡೆ ಬದಿಯ ಸಾಲಿನಲ್ಲಿ ಅಜ್ಜನ ಸಮಾಧಿ. ಬಾಪ್ಪು ಮ್ಯಾಂಡೊಲಿನ್ ಅನ್ನು ನನ್ನ ಕೈಗೆ ಕೊಟ್ಟು ಮೊಣಕಾಲೂರಿದ. ಪಕ್ಕದ ಒಣಮಣ್ಣನ್ನು ಕೈಯಲ್ಲಿ ಗೋರಿ, ಹಿಡಿ ತುಂಬಿಸಿ, ಕಲ್ಲಿನ ಮೇಲೆ ಮೆಲ್ಲಗೆ ಬಿಟ್ಟ. ಅವನ ಭುಜಗಳು ಕುಲುಕತೊಡಗಿದವು. ಆದರೆ ಮರುಕ್ಷಣವೇ ತೋಳಿನಲ್ಲಿ ಮುಖ ಒರೆಸಿಕೊಂಡು ಏಳಲು ಹೊರಟ.

“ಹೋಗುವ, ಮಾಂಯ್. ಸಿಸಿಲ್ ಕಾಯ್ತಿದ್ದಾಳೆ. ಹಾಲು ಹಾಳಾಗ್ತದೆ.”

ಮಾಂಯ್ ಅವನ ಹೆಗಲಿನ ಮೇಲೆ ಕೈಯಿಟ್ಟು ಅವನನ್ನು ಮತ್ತೆ ಕೂರಿಸಿದಳು. ತಾನೂ ಪಕ್ಕದಲ್ಲಿ ಆ ಬಿಸಿಲು ಕಾದ ಮಣ್ಣಿನಲ್ಲೇ ಕೂತಳು.

“ಕೂತ್ಕೋ ಪುತಾ. ಹಾಲು ಹುಳಿಯಾದ್ರೆ ಬೇರೆ ಕಾಯಿ ಒಡೆಯುವ.”